ನೊರೆ ತುಂಬಿದ ಕೇಬಲ್

ವಸತಿ ಸಮುಚ್ಚಯದ ಟಿವಿ ಕೇಬಲ್ ಅಂಗಳದ ಅಡಿಯಲ್ಲಿ ಎಲ್ಲೋ ತುಂಡಾಗಿತ್ತು. ಆ ಜಾಗ ಹುಡುಕಲು ಸಂಘದ ಕಾರ್ಯದರ್ಶಿ ಒಬ್ಬ ಕೇಬಲ್ ರಿಪೇರಿಯವನನ್ನು ಕರೆಸಿದರು. ಅಲ್ಲಿ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಹಿಂದೆ ಬಿಟ್ಟುಹೋಗಿದ್ದ ಗಂಡನೇ ಅವನು.

"ಚೆನ್ನಾಗಿ ಮಾಡಿದ್ರೆ ಎಲ್ಲಾ ಕಟ್ಟಡಗಳ ಗುತ್ತಿಗೆ ನಿಮಗೇ," ಎಂದರು ಕಾರ್ಯದರ್ಶಿ.

"ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿಸ್ತೀನಿ ಸಾರ್."

ಗಂಡ ಹೆಂಡತಿ ಸೇರಿ ಕಟ್ಟಿದ ಕೇಬಲ್ ರಿಪೇರಿ ಅಂಗಡಿ ಈಗ ಅವನೊಬ್ಬನದು. ಬೇರೆಯಾಗುವಾಗ ಅವಳ ಅಣ್ಣನ ಎದುರೇ, "ಅವಳದ್ದೇನು ಕೆಲಸ? ಮೀಟರ್ ಎತ್ತಿಕೊಡ್ತಿದ್ದಳು, ಅಷ್ಟೇ," ಎಂದಿದ್ದ. ಅಣ್ಣನೂ ತಲೆಯಾಡಿಸಿದ್ದ. ಆ ತಲೆಯಾಟ ಅವಳ ಹೊಟ್ಟೆಯಲ್ಲಿ ಇನ್ನೂ ಕೆಂಡವಾಗಿತ್ತು.

ತುಂಡಾದ ಜಾಗ ಹುಡುಕುವ ಆ ಮೀಟರು ಕೇಬಲಿನೊಳಗೆ ವಿದ್ಯುತ್ತಿನ ಒಂದು ಮಿಡಿತ ಕಳಿಸುತ್ತದೆ. ತುಂಡಾದ ಜಾಗಕ್ಕೆ ಬಡಿದು ಮಿಡಿತ ಮರಳಿ ಬರಲು ಹಿಡಿದ ಹೊತ್ತಿನಿಂದ ಆ ಜಾಗ ಎಷ್ಟು ದೂರವೆಂದು ಲೆಕ್ಕಹಾಕಿ ತೋರಿಸುತ್ತದೆ. ಆದರೆ ತಾಮ್ರದ ತಂತಿಯನ್ನು ಸುತ್ತಿದ ಪ್ಲಾಸ್ಟಿಕ್ ಗಟ್ಟಿಯಿದ್ದರೆ ಮಿಡಿತ ನಿಧಾನ. ಗಾಳಿಗುಳ್ಳೆ ತುಂಬಿದ ನೊರೆಯಂತಿದ್ದರೆ ಚುರುಕು. ಯಾವುದೆಂದು ಮೀಟರಿಗೆ ನಾವೇ ಹೇಳಬೇಕು. ಅವಳು ಪ್ರತಿಸಲ ಕೇಬಲಿನ ತುದಿ ಕೊಯ್ದು, ಬಿಳಿ ಪ್ಲಾಸ್ಟಿಕ್ಕಿಗೆ ಉಗುರೊತ್ತಿ ನೋಡಿ, ಮೀಟರಿನ ನಾಬನ್ನು ಅದಕ್ಕೆ ತಕ್ಕ ಗುರುತಿಗೆ ತಿರುಗಿಸಿಯೇ ಅವನ ಕೈಗೆ ಕೊಡುತ್ತಿದ್ದಳು. ಯಂತ್ರಕ್ಕೆ ಎಲ್ಲಾ ತಾನಾಗಿಯೇ ಗೊತ್ತು ಎಂದು ಅವನು ನಂಬಿದ್ದ.

ಇಲ್ಲಿಯ ಕೇಬಲ್ ನೊರೆಯದು ಎಂದು ಅವನು ಮೀಟರಿಗೆ ಜೋಡಿಸಿದ ತುದಿ ನೋಡಿದೊಡನೆ ಅವಳಿಗೆ ತಿಳಿಯಿತು. ಅವನು ತಿರುಗಿಸದ ನಾಬ್ ಗಟ್ಟಿ ಪ್ಲಾಸ್ಟಿಕ್ಕಿನ ಗುರುತಿನಲ್ಲೇ ಇತ್ತು. ಮೀಟರು ಇರುವುದಕ್ಕಿಂತ ಹತ್ತಿರದ ದೂರ ತೋರಿಸಿತು. ಅವಳು ಬಾಯಿಗೆ ಬೀಗ ಹಾಕಿಕೊಂಡು ನಿಂತಳು.

ಅವನು ಹಾಸುಗಲ್ಲು ಕಿತ್ತು ಅಗೆದ. ಕೇಬಲ್ ಸಿಕ್ಕಿತು, ಗಾಯವಿಲ್ಲದೆ. ಪಕ್ಕದಲ್ಲಿ ಅಗೆದ. ಇನ್ನೊಂದು ಪಕ್ಕದಲ್ಲೂ ಅಗೆದ. ಬಾಲ್ಕನಿಗಳಲ್ಲಿ ತಲೆಗಳು ಹೆಚ್ಚಿದವು.

"ಬೆಟ್ಟ ಅಗೆದು ಇಲಿ ಹಿಡಿದರು ಅಂತಾರೆ," ಎಂದರು ಕಾರ್ಯದರ್ಶಿ. "ನಿಮಗೆ ಇಲೀನೂ ಸಿಗ್ಲಿಲ್ವಲ್ಲ ಮಾರಾಯ್ರೇ! ಸಾಕು, ಮುಚ್ಚಿ. ಬೇರೆಯವರನ್ನ ಕರೆಸ್ತೀನಿ."

ಅವರು ಹೋದಮೇಲೆ ಅವನು ಬೆವರೊರೆಸುತ್ತಾ ಅವಳ ಹತ್ತಿರ ಬಂದ. ಮೀಟರಿಗೆ ಜೋಡಿಸಿದ್ದ ಕೇಬಲಿನ ತುದಿಯಿಂದ ನಾಬಿನತ್ತ ಅವಳ ಕಣ್ಣು ಹೋದದ್ದನ್ನು ಈಗ ಗಮನಿಸಿದ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ಮಾತು ಹೇಳಬಾರದಿತ್ತಾ? ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೇ."

ಈ ಗಳಿಗೆಯನ್ನು ಎಷ್ಟೋ ಸಲ ಮನಸ್ಸಿನಲ್ಲಿ ಆಡಿಕೊಂಡಿದ್ದಳು. ಆಗೆಲ್ಲ ಉದ್ದುದ್ದ ಮಾತುಗಳಿದ್ದವು. ಈಗ ಒಂದೂ ಬೇಕೆನಿಸಲಿಲ್ಲ. ಸಲಿಕೆಯನ್ನು ಅವನತ್ತ ಚಾಚಿದಳು.

"ಮಣ್ಣು ಸರಿಯಾಗಿ ತುಳಿ. ಮಕ್ಕಳು ಓಡಾಡೋ ಜಾಗ."