ಹಳೆಯ ಅಚ್ಚಿನ ಮೇಲೆ ಕೂರಿಸಿದ ಹಲ್ಲು

ಬಾಯಿ ನೋಡದೆ ಹಲ್ಲು ಕಟ್ಟಿದವನೊಬ್ಬನ ಕತೆ ಹೇಳಹೊರಟಿರುವುದು ಅಧಿಕಪ್ರಸಂಗವೇ ಸರಿ, ಓದುವವರು ಮನ್ನಿಸಬೇಕು. ವೈದ್ಯ ಬಲ್ಲವರು ಇದರಲ್ಲಿ ಹತ್ತು ತಪ್ಪು ಹುಡುಕಬಹುದು. ಶಂಕರಲಿಂಗ ಮಾಡಿದ ತಪ್ಪು ಮಾತ್ರ ಒಂದೇ. ಅದು ಒಬ್ಬ ಹೆಂಗಸಿನ ಜೀವಕ್ಕೆ ಮುಟ್ಟಿತೋ ಇಲ್ಲವೋ ಎಂಬುದೇ ಅವನ ಸಂಕಟ.

ಅವನು ಕೊಂಕಣಿ ಸೀಮೆಯ ಪೋಂಡಾದಲ್ಲಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನ ಕೆಲಸಗಾರ, ಕನ್ನಡನಾಡಿನ ಇಂಡಿ ಕಡೆಯವನು. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇವನು ಅದರಲ್ಲಿ ಪ್ಲಾಸ್ಟರ್ ಹುಯ್ದು ಅಚ್ಚು ತೆಗೆದು, ಅದರ ಮೇಲೆ ಹಲ್ಲು ಕೂರಿಸುತ್ತಾನೆ. ಬಾಯಿ ನೋಡುವುದು ಅವನ ಕೆಲಸವಲ್ಲ.

ಒಂದು ಮಂಗಳವಾರ ಭೀಮಿಬಾಯಿ ನೇರ ಅವನ ಮೇಜಿಗೇ ಬಂದಳು. ಹತ್ತಿರದ ಕುಂಡಯಿಯ ಕಾರ್ಖಾನೆಯಲ್ಲಿ ಡಬ್ಬಿ ತುಂಬುವವಳು, ಇಂಡಿ ತಾಲ್ಲೂಕಿನವಳೇ. ಮೂರು ವರ್ಷದ ಹಿಂದೆ ಅವಳ ಕೆಳದವಡೆಯ ಸೆಟ್ಟು ಮಾಡಿದವನು ಇವನೇ. ಈಗ ಸೆಟ್ಟಿನ ಪಕ್ಕದಲ್ಲಿದ್ದ ಅವಳ ಸ್ವಂತ ಕೋರೆಹಲ್ಲು ಬಿದ್ದಿತ್ತು.

"ಇದಕ್ಕ ಒಂದ ಹಲ್ಲ ಕೂಡಿಸಿ ಕೊಡೋ ತಮ್ಮಾ. ಐತವಾರ ಮಗಳು ಅಶ್ವಿನಿದು ನಿಶ್ಚಯ ಐತಿ. ಬೀಗರ ಮುಂದ ಸೆರಗ ಮುಚ್ಕೊಂಡ ಕುಂಡ್ರಲೇನು?"

"ಹಂಗ ಬರೂದಿಲ್ಲ ಯಕ್ಕಾ. ಸೆಟ್ಟ ಬಾಯಾಗ ಇಟ್ಟ ಡಾಕ್ಟರ್ ಅಳತಿ ತಗೀಬೇಕು. ಮೊದಲ ಅಲ್ಲಿ ಹೋಗ್ರಿ."

"ಆ ಡಾಕ್ಟರಮ್ಮ ನಾ ಹಲ್ಲಿಗೆ ತಂಬಾಕದ ಮಿಶ್ರಿ ತಿಕ್ಕೂದಕ್ಕ ಬೈಯೂದ ಬಿಟ್ಟು ಬ್ಯಾರೇ ಏನ ಮಾತಾಡ್ತಾಳು? ಅದೂ ಕೊಂಕಣಿಯೊಳಗ. ನಮ್ಮೂರಾಂವ ಆಗಿ ನೀನೂ ಹಂಗ ಅಂದ್ರ ಹೆಂಗ?"

ನಮ್ಮೂರಾಂವ ಅಂದಮೇಲೆ ಅವನಿಗೆ ಒಲ್ಲೆ ಅನ್ನಲು ಬಾಯಿ ಬರಲಿಲ್ಲ. ಅವಳ ಹಳೆಯ ಅಚ್ಚನ್ನು ಎಸೆಯಲು ಮನಸ್ಸಾಗದೆ ಅಟ್ಟದ ಮೇಲೆ ಇಟ್ಟಿದ್ದ. ಅದನ್ನೇ ಇಳಿಸಿದ.

"ಹಲ್ಲ ಹೆಂಗ ಬಿತ್ತು?"

"ತಾನ ಅಳ್ಳಾಡಿ ಬಿತ್ತು. ನೋವಿಲ್ಲ, ಏನಿಲ್ಲ. ವಯಸ್ಸಾತು, ನಿನ್ನ್ಹಂಗ ಗಟ್ಟಿ ಇರ್ತಾವೇನು?" ಎಂದು ನಕ್ಕಳು.

ಅಕ್ಕಪಕ್ಕದ ಹಲ್ಲು ಗಟ್ಟಿಯಿದ್ದು ಒಂದೇ ಹಲ್ಲು ನೋವಿಲ್ಲದೆ ಬಿದ್ದರೆ ಏಕೆಂದು ಕೇಳಬೇಕು ಅಂತ ಈ ಕೆಲಸ ಕಲಿಸಿದ ಸಂಜೆ ಕ್ಲಾಸಿನ ಮೇಷ್ಟ್ರು ಒಮ್ಮೆ ಹೇಳಿದ್ದರು. ಅದು ಅವನಿಗೆ ನೆನಪಾಗದೆ ಇರಲಿಲ್ಲ. ಕೇಳಿದೆನಲ್ಲ, ಉತ್ತರ ಬಂತಲ್ಲ ಎಂದು ಸಮಾಧಾನ ಮಾಡಿಕೊಂಡ.

ಅಚ್ಚಿನಲ್ಲಿದ್ದ ಪ್ಲಾಸ್ಟರ್ ಕೋರೆಹಲ್ಲನ್ನು ಚಾಕುವಿನಿಂದ ಹೆರೆದು ತೆಗೆದ. ಸೆಟ್ಟಿನ ಅಂಚನ್ನು ಉಜ್ಜಿ ಒರಟು ಮಾಡಿ, ಹೊಸ ಹಲ್ಲಿಟ್ಟು, ವಸಡಿನ ಬಣ್ಣದ ಗುಲಾಬಿ ಪ್ಲಾಸ್ಟಿಕ್ ಪುಡಿ ಕಲಸಿ ಬೆಸೆದ. ಬಿದ್ದ ಹಲ್ಲನ್ನು ಹಿಡಿದಿದ್ದ ತಂತಿಯನ್ನು ಪಕ್ಕದ ಹಲ್ಲಿಗೆ ಬಗ್ಗಿಸಿದ. ಅವನ ಬೆರಳು ಮುಟ್ಟಿದ್ದೆಲ್ಲ ಮೂರು ವರ್ಷದ ಹಿಂದಿನ ವಸಡು.

ಸೆಟ್ಟು ಅವಳಿಗೆ ಸರಿಯಾಗಿ ಕೂತಿತು. ಎಲ್ಲಿಯಾದರೂ ಒತ್ತಿದ್ದರೆ ಡಾಕ್ಟರ ಹತ್ತಿರ ಹೋಗುತ್ತಿದ್ದಳೇನೋ. ನಿಶ್ಚಯವೂ ಆಯಿತು, ಲಾಡು ಕಳಿಸಿದಳು.

ಐದು ತಿಂಗಳಿಗೆ ಅಶ್ವಿನಿ ಒಬ್ಬಳೇ ಬಂದು ಲ್ಯಾಬಿನ ಬಾಗಿಲಲ್ಲಿ ನಿಂತಳು.

"ಮಾಮಾ, ಅವ್ವನ ದವಡಿ ಬಾತೈತಿ. ಹಲ್ಲ ಬಿದ್ದ ಜಾಗಾದಾಗ ಹುಣ್ಣು. ತುಣುಕು ತಗದ ತಪಾಸ ಮಾಡ್ಯಾರ. ಕ್ಯಾನ್ಸರ ಅಂತ. ಈ ಹಲ್ಲ ಕೂಡಿಸಿದವರು ಯಾರು, ಬಾಯಿ ನೋಡಲಿಲ್ಲೇನು ಅಂತ ದೊಡ್ಡ ಡಾಕ್ಟರ್ ಕೇಳ್ಯಾರ. ಅವ್ವ ನಿಮ್ಮ ಹೆಸರ ಹೇಳಿಲ್ಲ. ಸಂತ್ಯಾಗ ಮಾಡಿಸಿದ್ನಿ ಅಂದ್ಲು. ನೀವೂ ಸುಮ್ಮನಿರಬೇಕಂತ, ಅದನ್ನ ಹೇಳಾಕ ಕಳಿಸ್ಯಾಳ."

ಬೈದಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಕೈ ತೊಳೆದು, ಅಂಗಿ ಬದಲಿಸಿ, ಅವಳ ಜೊತೆಗೇ ಬಸ್ಸು ಹತ್ತಿದ.

ಆಸ್ಪತ್ರೆಯ ಮಂಚದ ಮೇಲೆ ಭೀಮಿಬಾಯಿ ಅವನನ್ನು ಕಂಡು ಸೆರಗಿನಿಂದ ಗಲ್ಲ ಮುಚ್ಚಿಕೊಂಡಳು. "ಯಾಕ ಬಂದ್ಯೋ ಹುಚ್ಚಾ?" ಮಾತು ತೊದಲುತ್ತಿತ್ತು.

ಅವನು ಡಾಕ್ಟರ ಮುಂದೆ ನಿಂತು ಮುರುಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದ, ದಿನಾಂಕದ ಸಮೇತ. ಕೊನೆಗೆ ಒಂದೇ ಕೇಳಿದ: ಅಂದು ನೋಡಿದ್ದರೆ ಕಾಣುತ್ತಿತ್ತೆ?

ಡಾಕ್ಟರು ಅವನನ್ನು ಗದರಲಿಲ್ಲ. ಕಾಣುತ್ತಿದ್ದಿರಬಹುದು, ಇಲ್ಲದೆಯೂ ಇರಬಹುದು, ಈಗ ಯಾರೂ ಹೇಳಲಾರರು ಎಂದರು. ದವಡೆಯ ಶಸ್ತ್ರಚಿಕಿತ್ಸೆ ಸೋಮವಾರ.

ಅವಳು ಉಳಿಯುತ್ತಾಳೋ ಇಲ್ಲವೋ ಇದನ್ನು ಬರೆಯುವ ಹೊತ್ತಿಗೆ ಗೊತ್ತಾಗಿಲ್ಲ. ಆ ಮಂಗಳವಾರ ಅವಳ ಬಾಯಲ್ಲಿ ಹುಣ್ಣು ಇತ್ತೋ ಇಲ್ಲವೋ, ಅದಂತೂ ಇನ್ನು ಗೊತ್ತಾಗುವುದೂ ಇಲ್ಲ.