ಜಾರದ ಕಾಲು

ಮುಳ್ಳು ನೂರಾನಲವತ್ತನ್ನು ದಾಟಿತು. ಅವಳ ಕಣ್ಣೆದುರಿಗೆ ಎತ್ತಿ ನಿಲ್ಲಿಸಿದ ನೀಲಿ ಬಾನೆಟ್ಟಿನ ಬೆನ್ನು ಬಿಟ್ಟರೆ ಇನ್ನೇನೂ ಇರಲಿಲ್ಲ.

ಅಣ್ಣನ ಗ್ಯಾರೇಜಿನ ಪರೀಕ್ಷೆಯ ಕೋಣೆಯಲ್ಲಿ, ನಿಂತಲ್ಲೇ ನಿಂತ ಕಾರಿನ ಮುಂದಿನ ಚಕ್ರಗಳು ನೆಲದಲ್ಲಿ ಹುದುಗಿಸಿದ ಉಕ್ಕಿನ ಉರುಳೆಗಳ ಮೇಲೆ ಭೋರ್ಗರೆಯುತ್ತಿದ್ದವು. ನಾಲ್ಕು ಮೂಲೆಗೂ ಅಗಲವಾದ ಪಟ್ಟಿ ಬಿಗಿದು ನೆಲದ ಕೊಂಡಿಗಳಿಗೆ ಕಟ್ಟಿತ್ತು. ಬಾನೆಟ್ಟಿನಾಚೆ ಆಳೆತ್ತರದ ಫ್ಯಾನು ಎಂಜಿನ್ನಿಗೆ ಗಾಳಿ ಹೊಡೆಯುತ್ತಿತ್ತು. ಅವಳ ಬಲಗಾಲು ಪೆಡಲ್ ಮೇಲೆ ಕಲ್ಲಿನಂತೆ ಕೂತಿತ್ತು.

ಗಾಜಿನ ಗೋಡೆಯ ಹಿಂದಿನಿಂದ ಅಣ್ಣ ಕೈ ಎತ್ತಿದ. ಅವಳು ಕಾಲು ತೆಗೆದಳು. ಉರುಳೆಗಳು ನರಳುತ್ತಾ ನಿಂತವು.

"ಏನೂ ಇಲ್ಲ ಕಣೇ," ಅಣ್ಣ ಲ್ಯಾಪ್‌ಟಾಪ್ ಹಿಡಿದೇ ಹೊರಗೆ ಬಂದ. "ಟರ್ಬೋ ಒತ್ತಡ ಎಳೆದ ದಾರದ ಹಾಗಿದೆ. ಶಕ್ತಿ ಎಲ್ಲೂ ಬಿದ್ದಿಲ್ಲ."

"ಇಲ್ಲಿ ಬೀಳಲ್ಲ, ಬೆಟ್ಟದ ರಸ್ತೇಲಿ ಬೀಳುತ್ತೆ," ಎಂದರು ಬಾಗಿಲ ಬಳಿ ಕುರ್ಚಿಯಲ್ಲಿದ್ದ ಹಲ್ಲಿನ ಡಾಕ್ಟರಮ್ಮ. ಕಾರು ಅವರದು. ಬೆಟ್ಟದಾಚೆಯ ಊರಿನಲ್ಲಿ ಅವರಿಗೆ ಇನ್ನೊಂದು ಕ್ಲಿನಿಕ್ಕಿತ್ತು. "ಮೊನ್ನೆ ಲಾರಿ ಹಿಂದೆ ಹಾಕೋಕೆ ಹೋದೆ, ಅರ್ಧದಲ್ಲಿ ಉಸಿರು ಬಿಟ್ಟಿತು. ಎದುರಿಗೆ ಬಸ್ಸು. ಕೂದಲೆಳೆಯಲ್ಲಿ ಉಳಿದೆ. ನಾನು ಹಲ್ಲು ಕಿತ್ತರೆ ನೋವು ಹೋಗುತ್ತಪ್ಪಾ. ನೀನು ಶಕ್ತಿ ಹೆಚ್ಚಿಸಿಕೊಟ್ಟ ಮೇಲೆ ನನಗೆ ನೋವು ಶುರುವಾಯ್ತು!"

ಅಣ್ಣ ಪೆಚ್ಚಾಗಿ ನಕ್ಕ. ಎರಡು ವಾರದ ಹಿಂದೆ ಅವನೇ ಆ ಕಾರಿನ ಎಂಜಿನ್ನಿಗೆ ಗಾಳಿ ತುರುಕುವ ಟರ್ಬೋದ ಒತ್ತಡ ಏರಿಸಿ, ಅದನ್ನು ತಡೆಯಲೆಂದು ಆ ಗಾಳಿ ಹಾಯುವ ದಪ್ಪನೆಯ ಹೊಸ ರಬ್ಬರ್ ಕೊಳವೆ ಜೋಡಿಸಿ, ಬೆನ್ನು ತಟ್ಟಿಕೊಂಡು ಕಳಿಸಿದ್ದ. ಬೆಳಿಗ್ಗೆಯಿಂದ ಎರಡು ಸಲ ತಾನೇ ರಸ್ತೆಗೆ ಒಯ್ದು ಬಂದಿದ್ದ. ಆದರೆ ಅವನ ಕಾಲು ಒಂದೆಡೆ ನಿಲ್ಲುವಂಥದ್ದಲ್ಲ. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಲ್ಯಾಪ್‌ಟಾಪಿನಲ್ಲಿ ಮೂಡಿದ ಗೆರೆ ಕೋಳಿ ಕೆದರಿದಂತಿತ್ತು. ಯಾವ ತಗ್ಗು ಎಂಜಿನ್ನಿನದು, ಯಾವುದು ಅವನ ಕಾಲಿನದು, ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ.

ಅದಕ್ಕೇ ಅವಳ ಕಾಲಿಗೆ ಅಷ್ಟು ಬೆಲೆ. ಎಂಟು ವರ್ಷದಿಂದ ಈ ಕೋಣೆಯಲ್ಲಿ ಕೂತು ಒತ್ತುತ್ತಿದ್ದಳು. ಕೆಲಸದವರು ಅವಳಿಗೆ ಪೆಡಲಮ್ಮ ಎಂದು ಹೆಸರಿಟ್ಟಿದ್ದರು. ಒಮ್ಮೆ ಸುಮ್ಮನೆ ಲೆಕ್ಕ ಹಾಕಿ ನೋಡಿದ್ದಳು: ಭೂಮಿಯನ್ನು ಮೂರು ಸುತ್ತು ಬಂದು ಮೇಲೊಂದಿಷ್ಟು ದೂರ ಆಗಿತ್ತು. ಅಜ್ಜಿಯ ಕಥೆಯ ರಾಜಕುಮಾರ ಏಳು ಸಮುದ್ರ ದಾಟಿದರೂ ಇಷ್ಟು ಹೋಗಿರಲಾರ. ಗಾಣದ ಎತ್ತಾದರೂ ಸುತ್ತುತ್ತದೆ. ಇವಳಿಗೆ ಆ ಸುತ್ತೂ ಇಲ್ಲ. ಬಾನೆಟ್ಟಿನ ಬೆನ್ನನ್ನೇ ನೋಡುತ್ತಾ, ಇವತ್ತು ಮರಳುಗಾಡು, ಇವತ್ತು ಕಡಲ ದಂಡೆ ಎಂದು ತನಗೆ ತಾನೇ ಹೇಳಿಕೊಂಡು ಒತ್ತುತ್ತಿದ್ದಳು. ಹದಿನೆಂಟಕ್ಕೇ ಮಾಡಿಸಿದ ಲೈಸೆನ್ಸು ಬೀರುವಿನಲ್ಲಿ ಸೀರೆಯ ಮಡಿಕೆಯೊಳಗಿತ್ತು. ರಸ್ತೆಗೆ ಒಯ್ಯಲೇ ಎಂದು ಕೇಳಿದಾಗಲೆಲ್ಲ ಅಣ್ಣನದು ಒಂದೇ ಮಾತು: "ರಸ್ತೇಲಿ ಏನಾದ್ರೂ ಆಗಿ ನಿನ್ನ ಕಾಲಿಗೆ ಪೆಟ್ಟಾದ್ರೆ ನಾವು ಬಾಗಿಲು ಹಾಕ್ಕೊಂಡು ಕೂರ್ಬೇಕಷ್ಟೆ." ಪ್ರೀತಿಯಿಂದಲೇ ಹೇಳುತ್ತಿದ್ದ. ಅದೇ ತೊಂದರೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಇವಳನ್ನೇ ಬೆಟ್ಟಕ್ಕೆ ಕರ್ಕೊಂಡು ಹೋಗು," ಎಂದರು ಡಾಕ್ಟರಮ್ಮ. "ಕಾಲು ಇಲ್ಲಿದೆ, ರೋಗ ಅಲ್ಲಿದೆ. ಎರಡೂ ಒಂದು ಕಡೆ ಸೇರ್ಬೇಕಲ್ಲ?"

"ಇವಳು ರಸ್ತೇಲಿ ಓಡಿಸಲ್ಲ ಮೇಡಂ."

"ಓಡಿಸಲ್ವೋ, ನೀನು ಬಿಡಲ್ವೋ? ಕಾರು ನಂದು, ನಾನು ಒಪ್ಪಿದೀನಿ. ನಾಲ್ಕು ಗಂಟೆಗೆ ನನಗೆ ಗಾಡಿ ಬೇಕು."

ಅಣ್ಣ ತಲೆ ಕೆರೆದುಕೊಂಡ. ತಂಗಿಯ ಮುಖ ನೋಡಿದ. ಅವಳು ನೆಲ ನೋಡಿದಳು. ಎದೆ ಉರುಳೆಯ ಹಾಗೆ ಗುಡುಗುತ್ತಿತ್ತು.

"ಬೆಟ್ಟದ ಮೊದಲನೇ ಏರಿನ ತನಕ. ಒಂದೇ ಒಂದು ಸಲ. ಶಕ್ತಿ ಬಿತ್ತು ಅಂದ ಕೂಡ್ಲೇ ವಾಪಸ್ಸು," ಎಂದ.

ಪಟ್ಟಿಗಳನ್ನು ಬಿಚ್ಚಿದರು. ಅಣ್ಣ ಬಾನೆಟ್ ಇಳಿಸಿದ. ಅದು ತಾನಾಗಿ ಕೂರಲಿಲ್ಲ. ಎರಡೂ ಅಂಗೈ ಊರಿ ಅದುಮಿದ ಮೇಲೆ ಚಿಲಕ ಬಿತ್ತು.

ಅವಳಿಗೆ ಆ ಗಳಿಗೆಯಲ್ಲೇ ಹೊಳೆಯಿತು. ಹೊಸ ಕೊಳವೆ ದಪ್ಪ. ಮುಚ್ಚಿದ ಬಾನೆಟ್ ಅದರ ಕತ್ತು ಅದುಮುತ್ತಿದೆ. ಎಂಜಿನ್ ಕಾದು ರಬ್ಬರ್ ಮೆತ್ತಗಾಗಿ ಒತ್ತಡ ಏರಿದಾಗ ಜೋಡಣೆ ಬಾಯಿ ಬಿಡುತ್ತದೆ. ಗಾಳಿ ಸೋರುತ್ತದೆ, ಶಕ್ತಿ ಬೀಳುತ್ತದೆ. ಈ ಕೋಣೆಯಲ್ಲಿ ಬಾನೆಟ್ ಮುಚ್ಚಿ ಪರೀಕ್ಷೆ ಮಾಡಿದ ದಿನವೇ ಇಲ್ಲ. ಮತ್ತೆ ಇಲ್ಲಿ ರೋಗ ಸಿಕ್ಕುವುದು ಹೇಗೆ?

ಹೇಳಲು ಬಾಯಿ ತೆರೆದಳು. ಹೇಳಿದರೆ ಪಟ್ಟಿಗಳು ಮತ್ತೆ ಬಿಗಿಯುತ್ತವೆ, ಹತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ.

"ಏನು?" ಎಂದ ಅಣ್ಣ.

"ಏನಿಲ್ಲ. ಸೀಟು ಸ್ವಲ್ಪ ಮುಂದೆ ಬೇಕು," ಎಂದಳು.

ಗೇಟಿನ ಹತ್ತಿರ ಗೊತ್ತಾಯಿತು, ಲೈಸೆನ್ಸಿಗಾಗಿ ಕಲಿತದ್ದೆಲ್ಲ ಅವಳ ಕೈಗಳು ಮರೆತುಬಿಟ್ಟಿವೆಯೆಂದು. ಗೇರು ಬರುತ್ತಿತ್ತು, ಪೆಡಲ್ ಬರುತ್ತಿತ್ತು. ಆದರೆ ಉರುಳೆಯ ಮೇಲೆ ಎಂಟು ವರ್ಷವೂ ಸ್ಟೀರಿಂಗನ್ನು ನೇರ ಹಿಡಿದದ್ದೇ ಹಿಡಿದದ್ದು. ಗೇಟಿನ ಕಂಬ ಅವಳ ಕಡೆಗೇ ನಡೆದು ಬಂತು.

"ತಿರುಗಿಸೇ! ಅದು ಇರೋದು ಹಿಡ್ಕೊಂಡು ಕೂರೋಕಲ್ಲ!" ಅಣ್ಣ ಲ್ಯಾಪ್‌ಟಾಪ್ ಎದೆಗವುಚಿಕೊಂಡು ಕೂಗಿದ.

ತಿರುಗಿಸಿದಳು. ಒಂದು ಔಷಧಿ ಅಂಗಡಿ, ಒಂದು ಶಾಲೆಯ ಗೋಡೆ, ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಮುದುಕ, ಎಲ್ಲವೂ ಅವಳ ಪಕ್ಕದಿಂದ ಹಿಂದಕ್ಕೆ ಸರಿದವು. ಹಿಂದಕ್ಕೆ ಸರಿಯುತ್ತವೆ! ಅವಳು ನಕ್ಕುಬಿಟ್ಟಳು. "ರಸ್ತೆ ನೋಡು," ಎಂದ ಅಣ್ಣ. ಅವಳು ನೋಡುತ್ತಲೇ ಇದ್ದಳು.

ಮೊದಲನೇ ಏರು ಬಂತು. ಮೂರನೇ ಗೇರಿಗೆ ಹಾಕಿ ಪೆಡಲನ್ನು ನೆಲದವರೆಗೆ ಒತ್ತಿ ಹಿಡಿದಳು. ಕಾರು ಮುನ್ನುಗ್ಗಿತು, ಅರ್ಧ ಏರಿನಲ್ಲಿ ಬಾನೆಟ್ಟಿನ ಕೆಳಗಿನಿಂದ ಸಣ್ಣಗೆ ಬುಸ್ ಎಂದಿತು, ಯಾರೋ ಹಿಂದಿನಿಂದ ಸೆರಗು ಹಿಡಿದಂತೆ ವೇಗ ಇಳಿಯಿತು.

"ಬಿತ್ತು! ಒತ್ತಡ ಬಿತ್ತು!" ಅಣ್ಣನ ಬೆರಳು ಪರದೆಯ ಮೇಲಿತ್ತು. "ನೀನು ಕಾಲು ತೆಗೆದ್ಯಾ?"

ಅವಳ ಕಾಲು ಕೂದಲಷ್ಟೂ ಅಲುಗಿರಲಿಲ್ಲ. ಇಲ್ಲ ಎಂದರೆ ಇಲ್ಲಿಗೆ ಮುಗಿಯಿತು.

"ಹ್ಞೂಂ, ಜಾರಿತು," ಎಂದಳು.

"ಜಾರಿತಾ?"

"ಚಪ್ಪಲಿ. ಇನ್ನೊಂದು ಏರು ನೋಡೋಣ ಅಣ್ಣ."

ಇನ್ನೊಂದು ಏರು ನೋಡಿದರು. ಅಲ್ಲೂ ಬುಸ್ ಎಂದಿತು, ಅಲ್ಲೂ ವೇಗ ಇಳಿಯಿತು. ಅಲ್ಲೂ ಜಾರಿತು ಎಂದಳು. ಆ ಮಾತು ನಾಲಿಗೆಯ ಮೇಲೆ ಕಹಿಯಾಗಿತ್ತು. ಅವಳದೆಂದು ಹೇಳಿಕೊಳ್ಳಲು ಇದ್ದದ್ದು ಆ ಕಾಲೊಂದೇ. ಆದರೂ ಶಕ್ತಿ ಕಳೆದುಕೊಂಡ ಕಾರು ನಿಧಾನವಾಗಿ, ತೀರಾ ನಿಧಾನವಾಗಿ ಮೇಲೇರುತ್ತಿತ್ತು. ಎಷ್ಟು ನಿಧಾನವೋ ರಸ್ತೆ ಅಷ್ಟು ಉದ್ದ. ಕಲ್ಲು ತುಂಬಿದ ಲಾರಿಯೊಂದು ಹಾರ್ನ್ ಹೊಡೆದು ಅವರನ್ನೇ ಹಿಂದೆ ಹಾಕಿತು. ಕ್ಲೀನರ್ ಕಿಟಕಿಯಿಂದ ಕೈ ಬೀಸಿದ, ತಳ್ಳಬೇಕಾ ಎನ್ನುವ ಹಾಗೆ. ಅವಳೂ ಕೈ ಬೀಸಿದಳು. ಕೆಳಗೆ ಊರು ತಟ್ಟೆಯಷ್ಟಾಗಿತ್ತು. ಅದರಲ್ಲಿ ತಮ್ಮ ಗ್ಯಾರೇಜಿನ ತಗಡಿನ ಮಾಡು ಯಾವುದೆಂದು ಹುಡುಕಿದಳು, ಸಿಕ್ಕಲಿಲ್ಲ.

ಅಣ್ಣ ಲ್ಯಾಪ್‌ಟಾಪ್ ಮುಚ್ಚಿದ.

"ಎಂಟು ವರ್ಷದಲ್ಲಿ ಒಂದ್ಸಲಾನೂ ಜಾರದ ಕಾಲು," ಎಂದ. ಅವಳನ್ನು ನೋಡಲಿಲ್ಲ. ಎದುರಿಗಿದ್ದ ನೀಲಿ ಬಾನೆಟ್ಟನ್ನು ನೋಡುತ್ತಿದ್ದ. ಅದರ ನಡುವೆ ಒಂದು ಕಡೆ ತಗಡು ತುಸುವೇ ಉಬ್ಬಿತ್ತು. ಆಮೇಲೆ ಕೈಗಡಿಯಾರ ನೋಡಿದ.

"ಮೂರೂವರೆ ಆಯ್ತು," ಎಂದ ಕೊನೆಗೆ. "ಮುಂದೆ ಜಾಗ ಅಗಲ ಇದೆ. ಅಲ್ಲಿ ತಿರುಗಿಸು. ಡಾಕ್ಟರಮ್ಮ ಕಾಯ್ತಿರ್ತಾರೆ."

ಅವಳು ಅಗಲವಾದ ಜಾಗದಲ್ಲಿ ಅಂಚಿಗೆ ಒತ್ತಿ ನಿಲ್ಲಿಸಿದಳು. ಇಂಡಿಕೇಟರ್ ಹಾಕಿದಳು. ರಸ್ತೆ ಮುಂದೆ ಎರಡು ಬಂಡೆಗಳ ನಡುವೆ ತೂರಿ ಆಚೆ ಬದಿಗೆ ಇಳಿಯುತ್ತಿತ್ತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಕನ್ನಡಿಯಲ್ಲೂ ಯಾರೂ ಇರಲಿಲ್ಲ. ಬಿಸಿಲು ಡಾಂಬರಿನ ಮೇಲೆ ನೀರಿನ ಹಾಗೆ ನಡುಗುತ್ತಿತ್ತು.

"ಗಾಡಿ ಬರ್ತಿದ್ಯಾ?" ತನ್ನ ಕಡೆಯ ಕಿಟಕಿಯಿಂದ ಕಣಿವೆ ನೋಡುತ್ತಾ ಅಣ್ಣ ಕೇಳಿದ.

"ಬರ್ತಿದೆ," ಎಂದಳು.

ಅವನು ತಿರುಗಿ ನೋಡಲಿಲ್ಲ. ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಲೇ ಇತ್ತು.