ಅಪ್ಪನ ಹೆಸರಿನ ದೀಕ್ಷಾಸ್ನಾನ

ಗ್ರಂಥದ ಒಂದು ಅಧ್ಯಾಯವನ್ನಾದರೂ ಓದದೆ ಸುಷ್ಮಾ ಕೆಲಸಕ್ಕೆ ಹೊರಟ ದಿನವಿಲ್ಲ. ಸಾಗರದ ಖಾಸಗಿ ಲ್ಯಾಬೊಂದರಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ ಅವಳದು. ಬೆಂಗಳೂರಿನಲ್ಲಿ ಆ ಕೋರ್ಸ್ ಓದುವಾಗ ಹಾಸ್ಟೆಲಿನ ಗೆಳತಿ ಯಶೋಧಾಳ ಜೊತೆ ಮಾರ್ಮನ್ ಎಂಬ ಕ್ರೈಸ್ತ ಪಂಥದ ಸಭೆಗೆ ಹೋಗಿ, ಕೊನೆಗೆ ಅಲ್ಲೇ ದೀಕ್ಷಾಸ್ನಾನ ಪಡೆದು ಊರಿಗೆ ಮರಳಿದ್ದಳು. ಸಾಗರದಲ್ಲಿ ಆ ಸಭೆಗೆ ಸೇರಿದವರು ಅವಳಿಗೆ ಬೇರೆ ಯಾರೂ ಸಿಗಲಿಲ್ಲ. ಹಾಗಾಗಿ ಯಶೋಧಾ ದಿನಾ ಬೆಳಿಗ್ಗೆ ಬೆಂಗಳೂರಿನಿಂದ ಫೋನ್ ಮಾಡುತ್ತಿದ್ದಳು. ಇಬ್ಬರೂ ಸರದಿಯಂತೆ ಓದಿ, ಓದಿದ್ದು ತಮ್ಮ ಬದುಕಿಗೆ ಎಲ್ಲಿ ತಾಗುತ್ತದೆ ಎಂದು ಮಾತಾಡಿಕೊಳ್ಳುತ್ತಿದ್ದರು.

ಅವಳ ತಾಯಿ ಹೂವಮ್ಮ ಇದಕ್ಕೆ ಅಡ್ಡಿ ಮಾಡಿದವಳಲ್ಲ. ಮಗಳು ಸಭೆಯ ನಿಯಮವೆಂದು ಟೀ ಕಾಫಿ ಬಿಟ್ಟಾಗ ಮಾತ್ರ, "ಒಂದು ಲೋಟ ಟೀ ಕುಡಿದ್ರೆ ಯಾವ ದೇವ್ರಿಗೆ ಸಿಟ್ಟು ಬರ್ತದೆ ಮಾರಾಯ್ತಿ?" ಎಂದು ನಕ್ಕಿದ್ದಳು. ಸುಷ್ಮಾ ನಗಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ನಡೆಸಿದರೆ ಮನಸ್ಸಿಗೆ ಒಂದು ನೆಲೆ ಸಿಗುತ್ತದೆ ಎಂದು ಅವಳು ನಂಬಿದ್ದಳು.

ಆ ಸೋಮವಾರ ಯಶೋಧಾ ಓದಲು ಶುರು ಮಾಡುವ ಮೊದಲೇ ಸುದ್ದಿ ಹೇಳಿದಳು. ಅವಳ ಗಂಡ ಕೃಷ್ಣಕುಮಾರ್ ಬ್ಯಾಂಕಾಕಿನಲ್ಲಿರುವ ತಮ್ಮ ಸಭೆಯ ದೇಗುಲಕ್ಕೆ ಹೋಗಿದ್ದ. ಅಲ್ಲಿ, ಸುಷ್ಮಾ ಕೊಟ್ಟು ಕಳಿಸಿದ್ದ ಅವಳ ತಂದೆ ಗುತ್ಯಪ್ಪನ ಹೆಸರಿನಲ್ಲಿ ನೀರಿಗಿಳಿದು ಬಂದಿದ್ದ. ಕೇಳಿ ಸುಷ್ಮಾಳ ಕಣ್ಣು ತುಂಬಿತು. ಅಡುಗೆಮನೆಯಲ್ಲಿ ಹೂವಮ್ಮ ಕಾಯಿ ತುರಿಯುತ್ತಿದ್ದಳು.

"ಅವ್ವಾ, ಅಪ್ಪಂಗೆ ದೀಕ್ಷಾಸ್ನಾನ ಆತು."

ಹೂವಮ್ಮನ ಕೈ ನಿಂತಿತು. "ಯಾವ ಅಪ್ಪಂಗೆ?"

"ನನ್ನಪ್ಪಂಗೇ. ನಮ್ಮಲ್ಲಿ ಸತ್ತವ್ರ ಹೆಸರಲ್ಲಿ ಬದುಕಿರೋರು ನೀರಿಗಿಳೀತಾರೆ. ಒಪ್ಪೋದು ಬಿಡೋದು ಆ ಜೀವಕ್ಕೆ ಬಿಟ್ಟಿದ್ದು. ಆದ್ರೆ ಅವ್ರಿಗೂ ಒಂದು ದಾರಿ ತೆರೀತಲ್ಲ?"

"ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಬೇಡ ಅಂತಿರ್ಲಿಲ್ಲ," ಹೂವಮ್ಮ ತುರಿಯುವ ಮಣೆಯಿಂದ ಎದ್ದಳು. "ಅವ್ರು ಸತ್ತಿಲ್ಲ ಅಂತಿದ್ದೆ."

ಸುಷ್ಮಾಳಿಗೆ ಮೊದಲು ಅದು ತಮಾಷೆಯ ಮಾತಿನಂತೆ ಕೇಳಿಸಿತು. ತಾಯಿಯ ಮುಖ ನೋಡಿದ ಮೇಲೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

ಹೂವಮ್ಮ ನಿಂತಲ್ಲೇ ಹೇಳಿದಳು. ಸುಷ್ಮಾ ಸಣ್ಣವಳಿದ್ದಾಗ ಅವರು ಆನಂದಪುರದಲ್ಲಿದ್ದರು. ಗುತ್ಯಪ್ಪ ಕುಡಿದು ಬಂದು ಹೊಡೆಯುತ್ತಿದ್ದ. ಒಂದು ಸಲ ಮಾಸ್ತಿಕಟ್ಟೆಯ ಕಡೆ ರಸ್ತೆ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಕೆಲವು ತಿಂಗಳುಗಳ ಮೇಲೆ ಮಾಣಿ ಡ್ಯಾಮಿನ ನೀರಿನಲ್ಲಿ ಹೆಣವೊಂದು ಸಿಕ್ಕಿತೆಂದು ಪೊಲೀಸರು, ಗಂಡ ಕಾಣೆಯಾಗಿದ್ದ ಹೂವಮ್ಮನನ್ನು ಕರೆಸಿದರು. ಮುಖ ಗುರುತು ಹತ್ತುವ ಹಾಗಿರಲಿಲ್ಲ. ಮೈಮೇಲಿದ್ದ ಅಂಗಿ ಗುತ್ಯಪ್ಪನದೇ, ಹರಿದ ಕಿಸೆಯನ್ನು ಹೂವಮ್ಮನೇ ಹೊಲಿದದ್ದು.

"ಆದ್ರೆ ಎಡಗೈಯಲ್ಲಿ ಐದೂ ಬೆರಳಿತ್ತು," ಎಂದಳು. "ನಿಮ್ಮಪ್ಪನ ಕಿರುಬೆರಳು ಸಾಮಿಲ್ಲಲ್ಲಿ ಹೋಗಿತ್ತು. ನೋಡಿದ ಕೂಡ್ಲೇ ಗೊತ್ತಾತು. ನಿನ್ನ ಗಂಡ ಹೌದಾ ಅಂತ ಕೇಳಿದ್ರು. ಹೌದು ಅಂದೆ."

"ಯಾಕವ್ವಾ?"

"ಬಿಟ್ಟು ಹೋದೋನು ಅಂದ್ರೆ ಯಾವತ್ತಾದ್ರೂ ಬಾಗಿಲು ತಟ್ಟಬಹುದಲ್ಲ. ಸತ್ತೋನು ತಟ್ಟಲ್ಲ. ನಿನ್ನ ಕಟ್ಕೊಂಡು ಎಷ್ಟು ದಿನ ಹೆದರ್ಕೊಂಡಿರ್ಲಿ?"

ಮುಂದೆ ಕೆಲವು ವರ್ಷಗಳಾದ ಮೇಲೆ, ಪರಿಚಯದ ಬಸ್ ಕಂಡಕ್ಟರ್ ಜಟ್ಟಿಂಗಪ್ಪ ಗುತ್ಯಪ್ಪನನ್ನು ತೀರ್ಥಹಳ್ಳಿಯ ಬಸ್ ನಿಲ್ದಾಣದ ಹತ್ತಿರ ಕಂಡು ಬಂದು, ಹೂವಮ್ಮನೊಬ್ಬಳಿಗೇ ಗುಟ್ಟಾಗಿ ಹೇಳಿದ್ದ. ಅವಳು ಅದನ್ನು ಬಾಯಿಬಿಟ್ಟಿರಲಿಲ್ಲ.

ಆ ದಿನ ಲ್ಯಾಬಿನಲ್ಲಿ ಸುಷ್ಮಾಳಿಗೆ ಯಾರ ಕೈಯಲ್ಲೂ ನರ ಸಿಗಲಿಲ್ಲ. ಚುಚ್ಚಿಸಿಕೊಂಡ ಹೆಂಗಸೊಬ್ಬಳು ಬೈದಳು. ಮಧ್ಯಾಹ್ನ ಯಶೋಧಾಳಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಅದನ್ನ ರದ್ದು ಮಾಡಿಸ್ಬಹುದು," ಎಂದಳು ಯಶೋಧಾ. "ಆದ್ರೆ ಸುಷ್ಮಾ, ಹೆಸರು ಕಳಿಸೋಕೆ ಅಮ್ಮನ ಒಪ್ಪಿಗೆ ಬೇಕು, ಇದೆಯಾ ಅಂತ ನಾನು ಕೇಳಿದ್ದೆ. ಇದೆ ಅಂದಿದ್ದೆ ನೀನು."

ಅಂದಿದ್ದಳು. ಪ್ರತಿಯೊಂದು ಆಜ್ಞೆಗೂ ತಲೆಬಾಗುತ್ತೇನೆಂದುಕೊಂಡವಳು ಇದೊಂದನ್ನು ಚಿಕ್ಕದೆಂದು ದಾಟಿಬಿಟ್ಟಿದ್ದಳು. ಅದಕ್ಕಿಂತಲೂ ಅವಳನ್ನು ಕಾಡಿದ್ದು ಬೇರೆ. ಅಪ್ಪನನ್ನು ಕ್ಷಮಿಸಿದ್ದೇನೆ ಎಂದು ಅವಳು ದಿನವೂ ಪ್ರಾರ್ಥಿಸುತ್ತಿದ್ದಳು. ಸತ್ತವನೆಂದು ಕ್ಷಮಿಸಿದ್ದಳು. ಈಗ ಅವನು ಎಲ್ಲೋ ಉಣ್ಣುತ್ತಿದ್ದಾನೆ, ನಿದ್ದೆ ಮಾಡುತ್ತಿದ್ದಾನೆ ಎಂದು ನೆನೆದ ಕೂಡಲೇ ಸಿಟ್ಟು ಬಂತು.

ಭಾನುವಾರ ತಾಯಿ ಮಗಳಿಬ್ಬರೂ ತೀರ್ಥಹಳ್ಳಿಗೆ ಹೊರಟರು. ನೀನು ಬರುವುದು ಬೇಡವೆಂದು ಸುಷ್ಮಾ ಹೇಳಿದರೂ ಹೂವಮ್ಮ ಕೇಳಲಿಲ್ಲ. ಹೊಸನಗರದಲ್ಲಿ ಬಸ್ ಬದಲಾಯಿಸುವಾಗ ಮಾತ್ರ ಒಂದು ಸಲ ಹಿಂಜರಿದು, "ಈಗ್ಲೂ ತಿರುಗಿ ಹೋಗ್ಬಹುದು ಮಗಾ," ಎಂದಳು. ಸುಷ್ಮಾ ಬಸ್ ಹತ್ತಿದ ಮೇಲೆ ತಾನೂ ಹತ್ತಿದಳು.

ತೀರ್ಥಹಳ್ಳಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗುತ್ಯಪ್ಪ ಕಬ್ಬಿನ ಹಾಲಿನ ಗಾಡಿ ಇಟ್ಟುಕೊಂಡಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಗಳ ಗುರುತು ಅವನಿಗೆ ಸಿಗಲಿಲ್ಲ.

"ಐಸ್ ಹಾಕ್ಲಾ?" ಎಂದು ಕೇಳಿ, ನಾಲ್ಕೇ ಬೆರಳಿನ ಎಡಗೈಯಲ್ಲಿ ಲೋಟ ಹಿಡಿದ. ಆಮೇಲೆ ಅವಳ ಹಿಂದೆ ನಿಂತಿದ್ದ ಹೂವಮ್ಮನನ್ನು ನೋಡಿದ. ಲೋಟ ತುಂಬಿ, ಹಾಲು ಕೈಮೇಲೆ ಹರಿದರೂ ಅವನು ಮೆಷಿನ್ ನಿಲ್ಲಿಸಲಿಲ್ಲ. ಸುಷ್ಮಾಳೇ ಸ್ವಿಚ್ಚು ಆರಿಸಿದಳು.

"ಹೂವಿ... ನಾನು ಸತ್ತೆ ಅಂತ ಹೇಳಿದ್ಯಂತೆ."

"ಹೌದು. ನಿಮಗೂ ಗೊತ್ತಿತ್ತಾ?"

"ಕೂಲಿಯವ್ರ ಬಾಯಲ್ಲಿ ಕೇಳ್ದೆ. ಬಂದು ಬದುಕಿದೀನಿ ಅನ್ನೋಕೆ ಮುಖ ಇರ್ಲಿಲ್ಲ. ಸುಮ್ನಾದೆ." ಸುಷ್ಮಾಳತ್ತ ತಿರುಗಿದ. "ಇವ್ಳು?"

"ನಿಮ್ಮ ಮಗಳು."

ಅವನು ಒದ್ದೆ ಕೈಯನ್ನು ಲುಂಗಿಗೆ ಒರೆಸಿದ, ಮತ್ತೆ ಒರೆಸಿದ. ಬಾಯಿಪಾಠ ಮಾಡಿದ್ದ ವಚನಗಳಲ್ಲಿ ಒಂದೂ ಸುಷ್ಮಾಳ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಒಂದೇ ಪ್ರಶ್ನೆ.

"ನೀರಲ್ಲಿ ಸಿಕ್ಕೋನು ಯಾರು?"

ಗುತ್ಯಪ್ಪ ತಲೆ ತಗ್ಗಿಸಿದ. "ಫಕ್ಕೀರಪ್ಪ ಅಂತ, ಹಾನಗಲ್ ಕಡೆಯೋನು. ಒಂದೇ ಶೆಡ್ಡಲ್ಲಿ ಮಲಗ್ತಿದ್ವಿ. ಚಳಿ ಅಂತ ನನ್ನ ಅಂಗಿ ಹಾಕ್ಕೊಂಡಿದ್ದ. ಮೀನು ಹಿಡೀತೀನಿ ಅಂತ ಹೋದ, ಬರ್ಲಿಲ್ಲ. ಊರಿಗೆ ಹೋದ ಅಂದ್ಕೊಂಡ್ವಿ. ನಾನೂ ಆ ಕೆಲ್ಸ ಬಿಟ್ಟು ಬೇರೆ ಕಡೆ ಹೋದೆ. ಆಮೇಲೆ ನನ್ನ ಹೆಣ ಸಿಕ್ತು ಅಂತ ಕೇಳ್ದಾಗ ಅರ್ಥ ಆತು."

"ಅವ್ರ ಮನೆಯೋರು?"

"ಹೆಂಡ್ತಿ ಹುಡುಕ್ಕೊಂಡು ಶೆಡ್ಡಿಗೆ ಬಂದಿದ್ಳಂತೆ. ಗಿರಿಜವ್ವ. ಯಾರಿಗೂ ಗೊತ್ತಿಲ್ಲ ಅಂತ ಕಳಿಸಿದ್ರಂತೆ."

ಹೂವಮ್ಮ ಗಾಡಿಯ ಪಕ್ಕದ ಕಲ್ಲಿನ ಮೇಲೆ ಕುಸಿದಳು. ಗಂಡನ ಮುಖ ನೋಡಿದಾಗಲೂ ಅಲುಗದವಳು ಈಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಷ್ಟು ವರ್ಷ ಅವಳ ಮನಸ್ಸಿನಲ್ಲಿದ್ದದ್ದು ಒಂದು ಹೆಣ ಮಾತ್ರ. ಅದಕ್ಕೊಬ್ಬ ಹೆಂಡತಿ ಇದ್ದಾಳು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಗುತ್ಯಪ್ಪ ಫಕ್ಕೀರಪ್ಪನ ಊರಿನ ಹೆಸರು ನೆನಪು ಮಾಡಿಕೊಂಡು ಹೇಳಿದ. ಹೊರಡುವಾಗ, "ಇನ್ನೊಂದ್ಸಲ ಬರ್ತೀಯಾ?" ಎಂದು ಮಗಳನ್ನು ಕೇಳಿದ. ಸುಷ್ಮಾ ತಾಯಿಯ ಕೈ ಹಿಡಿದು ಕಲ್ಲಿನಿಂದ ಎಬ್ಬಿಸಿದಳು.

ಮರುದಿನ ಬೆಳಿಗ್ಗೆ ಅವಳು ಗ್ರಂಥ ತೆರೆದು ಕೂತಳು. ಅಲ್ಲಿನ ಕತೆಗಳಲ್ಲಿ ಜನರಿಗೆ ದೇವರ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ಕೇಳಿದವರು ಎದ್ದು ಹೊರಡುತ್ತಾರೆ. ಅವಳಿಗೆ ಯಾವ ದನಿಯೂ ಕೇಳಲಿಲ್ಲ. ಗಿರಿಜವ್ವನಿಗೆ ನಿಜ ತಿಳಿಸಿದರೆ ತಾಯಿಯನ್ನು ಪೊಲೀಸರು ಏನು ಮಾಡುತ್ತಾರೋ ಎಂಬ ಹೆದರಿಕೆ ಮಾತ್ರ ಇತ್ತು. ಫೋನಿನಲ್ಲಿ ಯಶೋಧಾ ಮೆಲ್ಲಗೆ, "ಆ ಫಕ್ಕೀರಪ್ಪನ ಹೆಸರು ದೇಗುಲಕ್ಕೆ ಕಳಿಸ್ಬಹುದಲ್ವಾ?" ಎಂದಳು.

"ಬೇಡ. ಅವ್ರು ನಮ್ಮೋರಲ್ಲ. ಅವ್ರಿಗೆ ಹೆಂಡ್ತಿ ಇದಾರೆ," ಎಂದಳು ಸುಷ್ಮಾ.

ಅಷ್ಟರಲ್ಲಿ ಹೂವಮ್ಮ ಬಾಗಿಲಿಗೆ ಬಂದಳು. ಹೊರಗೆ ಹೋಗುವ ಸೀರೆ ಉಟ್ಟಿದ್ದಳು. "ಹಾನಗಲ್ಲಿಗೆ ಬಸ್ಸು ಎಷ್ಟೊತ್ತಿಗೆ?"

ಆ ಊರಿನಲ್ಲಿ ಗಿರಿಜವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗುಲಿಯಲ್ಲಿ ಶೇಂಗಾ ಸುಲಿಯುತ್ತಿದ್ದ ಅವಳ ಹಣೆಯ ಮೇಲೆ ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ. ಅದನ್ನು ಕಂಡು ಹೂವಮ್ಮನ ಕಾಲು ಅಂಗಳದಲ್ಲೇ ನಿಂತುಬಿಟ್ಟಿತು. ಮಗಳು ತೋಳು ಹಿಡಿದು ಕರೆದುಕೊಂಡು ಹೋದಳು. ಹೂವಮ್ಮ ಒಂದನ್ನೂ ಬಿಡದೆ ಹೇಳಿದಳು. ಗಿರಿಜವ್ವ ಸುಲಿಯುವುದನ್ನು ನಿಲ್ಲಿಸಿದಳು. ಸುಲಿದ ಶೇಂಗಾ ಮಡಿಲಲ್ಲೇ ಇತ್ತು.

"ಬೆಂಕಿ ಯಾರು ಇಟ್ರು?" ಎಂದು ಕೇಳಿದಳು.

"ಇವ್ಳೇ. ಸಣ್ಣೋಳಿದ್ಲು. ಗಂಡುಮಕ್ಕಳು ಇರ್ಲಿಲ್ಲ, ಇವಳ ಕೈ ಹಿಡಿಸಿ ಇಡಿಸಿದ್ರು."

ಗಿರಿಜವ್ವ ಸುಷ್ಮಾಳನ್ನು ನೋಡಿದಳು. "ಅತ್ತಿದ್ದಿಯೇನವ್ವಾ ಆವಾಗ?"

"ಅತ್ತಿದ್ದೆ. ತುಂಬಾ."

ಗಿರಿಜವ್ವ ತಲೆಯಾಡಿಸಿ, ಗೋಡೆ ಹಿಡಿದು ಎದ್ದಳು. "ಪೊಲೀಸು ಗಿಲೀಸು ನನಗ ಬ್ಯಾಡ," ಎಂದಳು ಹೂವಮ್ಮನಿಗೆ. "ಆದ್ರ ನಿನ್ನ ಮಾರಿ ಇನ್ನೊಮ್ಮೆ ನನಗ ತೋರಿಸಬ್ಯಾಡ. ನೀ ಒಂದು ಮಾತು ಹೇಳಿದ್ರ ನಾ ಇಷ್ಟು ವರ್ಷ ಬಾಗಲಾ ತಗದು ಕೂಡತಿದ್ದಿಲ್ಲ." ಒಳಗೆ ಹೋಗಿ ಕದ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳುವ ದನಿ ಬಂತು.

ಇಬ್ಬರೂ ಬಸ್ ನಿಲ್ಲುವಲ್ಲಿಗೆ ಬಿಸಿಲಿನಲ್ಲಿ ನಡೆದರು. ಹೂವಮ್ಮ ಬೇವಿನ ಮರದ ಬುಡದಲ್ಲಿ ಕೂತು, "ಹೇಳಿದ್ದು ಒಳ್ಳೇದಾತಾ ಮಗಾ?" ಎಂದಳು.

"ಗೊತ್ತಿಲ್ಲ ಅವ್ವಾ," ಎಂದಳು ಸುಷ್ಮಾ. ಹತ್ತಿರದ ಅಂಗಡಿಯಿಂದ ನೀರು ತಂದು ತಾಯಿಗೆ ಕುಡಿಸಿ, ಪಕ್ಕದಲ್ಲಿ ಕೂತಳು.